ಪಡಲಿಗೆ ಹೊತ್ತವರ ಹೆಸರು

ವಿಜಾಪುರಕ್ಕೆ ಹೋದ ಯಾತ್ರಿಕನಿಗೆ ಎದುರಾಗುವ ಮೊದಲನೆಯ ತೊಡಕು ಊರಿನ ಹೆಸರಿನದು. ರೈಲು ನಿಲ್ದಾಣದ ಹಲಗೆ ‘ವಿಜಯಪುರ’ ಎನ್ನುತ್ತದೆ. ೨೦೧೪ರ ನವೆಂಬರ್ ೧ರಿಂದ ಜಾರಿಗೆ ಬಂದ ಹೆಸರು ಅದು. ನಿಲ್ದಾಣದ ಹೊರಗೆ ಕುದುರೆಗೆ ಹುಲ್ಲು ಹಾಕುತ್ತ ನಿಂತ ಟಾಂಗಾದವನನ್ನು ಕೇಳಿದರೆ ‘ಬಿಜಾಪುರ’ ಎಂದೇ ಅನ್ನುತ್ತಾನೆ. ಹಳ್ಳಿಯ ಹಿರಿಯರ ಬಾಯಲ್ಲಿ ಅದು ‘ವಿಜಾಪುರ’. ಮೂರು ಹೆಸರಿಗೂ ಊರು ಓಗೊಡುತ್ತದೆ. ಯಾರೂ ಯಾರ ಮೇಲೂ ಮುನಿಯುವುದಿಲ್ಲ. ಊರಿಗೆ ಸಲ್ಲುವ ಈ ಸಲಿಗೆ ಮನುಷ್ಯರಿಗೆ ಸಲ್ಲುವುದಿಲ್ಲವೆಂಬುದು ಮಾತ್ರ ವಿಚಿತ್ರ. ಒಬ್ಬರನ್ನು ಯಾವ ಹೆಸರಿನಿಂದ ಕರೆಯಬೇಕು, ಆ ಹೆಸರಿಡುವ ಅಧಿಕಾರ ಯಾರದು, ಆ ಹೆಸರಿನವರ ಪಂಕ್ತಿಯಲ್ಲಿ ಯಾರು ಕೂಡಬಹುದು, ಯಾರು ಕೂಡಬಾರದು ಎಂಬ ವ್ಯಾಜ್ಯವೊಂದನ್ನು ಮಾಘಮಾಸದ ಕೆಲವು ದಿನ ಈ ನಗರದಿಂದ ತಿಕೋಟಾ, ಬಬಲೇಶ್ವರಗಳವರೆಗೆ ಹಿಂಬಾಲಿಸಿಕೊಂಡು ಹೋಗುವ ಯೋಗ ನನಗೆ ಒದಗಿತು. ವ್ಯಾಜ್ಯ ಎಲ್ಲಮ್ಮನ ಮಕ್ಕಳಾದ ಜೋಗಪ್ಪರದು.

ಈ ಯೋಗಕ್ಕೆ ಕಾರಣನಾದವನು ಹದಿಮೂರನೆಯ ಶತಮಾನದ ಕೇಶಿರಾಜನೆಂದರೆ ವಾಚಕರು ನಗಬಹುದು. ‘ಶಬ್ದಮಣಿದರ್ಪಣ’ದ ನಾಮಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳಿಗೆ ತೃಪ್ತನಾಗದೆ ಆ ವೈಯಾಕರಣಿ ಪುಂಸ್ತ್ರೀಲಿಂಗ, ಪುನ್ನಪುಂಸಕಲಿಂಗ, ಸ್ತ್ರೀನಪುಂಸಕಲಿಂಗ ಎಂದು ಬೆಳೆಸಿಕೊಂಡು ಹೋಗಿ ಒಂಬತ್ತನ್ನು ಎಣಿಸುತ್ತಾನೆ. ಎಣಿಸಿ ಮುಗಿಸಿದ್ದೇ ತಡ, ಹಿಂದಿನ ಸಾಲಿನಿಂದ ತಿಕೋಟಾದ ಕಡೆಯ ಹುಡುಗನೊಬ್ಬ ಎದ್ದು, “ಸರ್ರ, ಇದರಾಗ ನಮ್ಮೂರ ಜೋಗಪ್ಪಗ ಯಾವ ಲಿಂಗ ಹಚ್ಚೂದ್ರಿ?” ಎಂದು ಕೇಳಿದ. ತರಗತಿ ನಕ್ಕಿತು, ಹುಡುಗ ನಗಲಿಲ್ಲ. ವ್ಯಾಕರಣದ ಲಿಂಗ ಶಬ್ದದ್ದು, ಮನುಷ್ಯರದ್ದಲ್ಲ ಎಂದು ನಾನು ಕೊಟ್ಟ ಉತ್ತರ ಶಾಸ್ತ್ರಕ್ಕೆ ಸರಿಯಾಗಿತ್ತು, ಹುಡುಗನಿಗೆ ಸಾಲಲಿಲ್ಲ. “ರಜಾದಾಗ ಊರಿಗೆ ಬರ್ರಿ, ತೋರಸ್ತೀನಿ” ಎಂದ.

ತಿಕೋಟಾಕ್ಕೆ ಹೋಗುವ ಮೊದಲು ನಗರದಲ್ಲಿ ಒಂದು ದಿನ ನಿಂತೆ. ೧೬೫೬ರಲ್ಲಿ ಮಡಿದ ಮಹಮ್ಮದ ಆದಿಲಶಹನ ಗೋಲಗುಮ್ಮಟವನ್ನೂ, ಅದರ ಪಿಸುಗುಟ್ಟುವ ಮೊಗಸಾಲೆಯನ್ನೂ ವರ್ಣಿಸಿ ವಾಚಕರ ಸಹನೆಯನ್ನು ಪರೀಕ್ಷಿಸುವುದಿಲ್ಲ. ಶಾಲೆಯ ಪ್ರವಾಸದಲ್ಲಿ ಅಲ್ಲಿ ಕೂಗದವರು ಯಾರು? ನನ್ನನ್ನು ಹಿಡಿದು ನಿಲ್ಲಿಸಿದುದು ಊರಿನ ಪಡುವಣ ಭಾಗದ ತಾಜ್ ಬಾವಡಿ. ೧೬೨೦ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲಶಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ ಆ ಬಾವಿಗೆ ದೊಡ್ಡ ಕಮಾನಿನ ಬಾಗಿಲು, ಎರಡು ಪಕ್ಕಕ್ಕೆ ಗೋಪುರ, ಒಳಗೆ ಕೆರೆಯಂತೆ ಹರವಾದ ನೀರು. ಕಟ್ಟಿಸಿದವನು ಮಲಿಕ್ ಸಂದಲ್. ಸುತ್ತಣ ಲೋಕವೆಲ್ಲ ಬೆರಗುಗೊಂಡು ನೋಡುವ ಇಬ್ರಾಹಿಂ ರೋಜಾದ ಶಿಲಾಶಾಸನದಲ್ಲಿಯೂ ಇವನ ಹೆಸರು ಕೆತ್ತಿದೆ. ಇತಿಹಾಸಕಾರರು ಅವನನ್ನು ಅಬಿಸೀನಿಯಾ ಮೂಲದವನೆಂದೂ, ಅಂತಃಪುರದ ಖೋಜಾ ಎಂದೂ ಗುರುತಿಸುತ್ತಾರೆ. ಗಂಡಸರ ಲೋಕಕ್ಕೂ ಹೆಂಗಸರ ಲೋಕಕ್ಕೂ ನಡುವೆ ಓಡಾಡುವ ಹಕ್ಕು ಅಂಥವರಿಗೆ ಮಾತ್ರ ಇತ್ತು.

ಖೋಜಾಗಳ ವಿಷಯ ಬಂದಾಗ ಈ ಊರಿನ ಇನ್ನೊಂದು ಕಥೆಯನ್ನೂ ಹೇಳಿಬಿಡಬೇಕು. ರಕ್ಕಸತಂಗಡಿಯ ಕಾಳಗದಲ್ಲಿ ಗೆದ್ದ ಸುಲ್ತಾನರಲ್ಲೊಬ್ಬನಾದ, ಜುಮ್ಮಾ ಮಸೀದಿಗೆ ಬುನಾದಿ ಹಾಕಿಸಿದ ಒಂದನೆಯ ಅಲಿ ಆದಿಲಶಹನು ಬೀದರದ ಅರಸನಲ್ಲಿದ್ದ ಇಬ್ಬರು ಚೆಲುವ ಖೋಜಾ ತರುಣರನ್ನು ತನಗೆ ಕಳಿಸಬೇಕೆಂದು ಹಟ ಹಿಡಿದು ತರಿಸಿಕೊಂಡ. ೧೫೮೦ರಲ್ಲಿ, ಬಂದ ಸ್ವಲ್ಪ ಸಮಯದಲ್ಲಿಯೇ, ಅವರಲ್ಲಿ ಒಬ್ಬ ಸುಲ್ತಾನನನ್ನು ಇರಿದು ಕೊಂದ. ಫರಿಷ್ತಾ ಇದನ್ನು ಬರೆದಿಟ್ಟಿದ್ದಾನೆ. ಪಠ್ಯಪುಸ್ತಕಗಳು ಸುಲ್ತಾನನ ಕೊಲೆಯನ್ನು ಹೇಳಿ ಕಾರಣವನ್ನು ನುಂಗಿಬಿಡುತ್ತವೆ.

ಈ ಇತಿಹಾಸವನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಬಾವಡಿಯ ಮೆಟ್ಟಿಲ ಮೇಲೆ ಭೇಟಿಯಾದ, ನಗರದ ಸಂಘವೊಂದರಲ್ಲಿ ದುಡಿಯುವ ತರುಣಿಯೊಬ್ಬಳು—ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು—“ಮಲಿಕ್ ಸಂದಲ್ ನಮ್ಮ ಹಿರೇರು, ಸರ್. ಬಾವಿ ಕಟ್ಟಿದವರು ನಮ್ಮವರ, ಈಗ ಅದರ ಕಟ್ಟೀ ಮ್ಯಾಲೆ ಕುಂದ್ರಾಕ ನಮಗ ಬಿಡೂದಿಲ್ಲ” ಎಂದಳು. ಮಾತು ಮನಸ್ಸಿಗೆ ನಾಟಿತು. ಆದರೂ ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಖೋಜಾಗಳಾದವರು ಬಹುತೇಕ ದಾಸ್ಯಕ್ಕೆ ಮಾರಲ್ಪಟ್ಟ ಬಾಲಕರು. ಅವರ ದೇಹಕ್ಕೆ ಕತ್ತಿ ಇಟ್ಟವರು ಬೇರೆಯವರು. ತನ್ನ ಅಂತರಂಗ ಹೇಳಿದ್ದನ್ನು ಕೇಳಿ ಮನೆ ಬಿಟ್ಟು ಬಂದವಳ ಕಥೆಗೂ ಅದಕ್ಕೂ ಅಜಗಜಾಂತರವಿದೆ. ಹಾಗೆಂದಾಗ ಅವಳು, “ಹೊಂದಾಣಿಕಿ ಇಲ್ಲ ಅಂತೀರಿ ಖರೆ. ಆದ್ರ ನಮಗ ಇತಿಹಾಸದಾಗ ಮತ್ತ ಯಾರ ಅದಾರ, ನೀವ ಹೇಳ್ರಿ” ಎಂದು ಸವಾಲೆಸೆದಳು. ಪೂರ್ವಜರಿಲ್ಲದವರು ಪೂರ್ವಜರನ್ನು ಹುಡುಕಿಕೊಳ್ಳುವುದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಜೋಗಪ್ಪರ ಹೆಸರೆತ್ತಿದಾಗ ಮಾತ್ರ ಅವಳ ಮುಖ ಬಿಗಿಯಿತು. “ಅವರು ನಮ್ಮನ್ನ ಕೆಳಗ ನೋಡ್ತಾರ್ರಿ. ನಾವು ಅವರನ್ನ ಕೆಳಗ ನೋಡ್ತೀವಿ. ಸಭಾ ಇದ್ದಾಗ ಒಂದ ಸಾಲಿನಾಗ ಕುಂದರ್ತೀವಿ.”

ಮರುದಿನ ತಿಕೋಟಾದ ಬಸ್ಸು ಹಿಡಿದೆ. ನಗರದ ಹೊರಗೆ ಅಥಣಿಯ ದಾರಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ತೊರವಿ ಸಿಗುತ್ತದೆ. ಕನ್ನಡ ಎಂ.ಎ. ಮಾಡಿದವನು ಅಲ್ಲಿ ತಲೆಬಾಗದೆ ಮುಂದೆ ಹೋಗಲಾರ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ನರಸಿಂಹ ಇಲ್ಲಿಯವನೇ. ಇದೇ ಬಯಲಿನಲ್ಲಿ ಎರಡನೆಯ ಇಬ್ರಾಹಿಂ ೧೫೯೯ರಲ್ಲಿ ನವರಸಪುರವನ್ನು ಕಟ್ಟಲಾರಂಭಿಸಿದ. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಸಂಗೀತಮಹಲಿನ ಮುರುಕು ಕಮಾನುಗಳು ಉಳಿದಿವೆ. ಅನತಿದೂರದಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯ. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ವಿದ್ಯಾಲಯಗಳಲ್ಲಿ ‘ಹೆಣ್ಣು’ ಎಂದರೆ ಯಾರು ಎಂಬ ಪ್ರಶ್ನೆ ಲೋಕದ ಹಲವು ಕಡೆ ಎದ್ದಿದೆ; ನಮ್ಮಲ್ಲಿಯೂ ಏಳದೆ ಹೋಗಲಾರದು.

ಆ ಪ್ರಶ್ನೆ ನಮ್ಮ ಬಸ್ಸಿನಲ್ಲಿಯೇ ಎದ್ದಿತು. ೨೦೨೩ರ ಜೂನ್ ೧೧ರಿಂದ ರಾಜ್ಯದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ‘ಶಕ್ತಿ’ ಎಂಬ ಆ ಯೋಜನೆಯ ಆದೇಶದಲ್ಲಿ ಲೈಂಗಿಕ ಅಲ್ಪಸಂಖ್ಯಾತರೂ ಸೇರಿದ್ದಾರೆಂಬುದು ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ತೊರವಿಯಲ್ಲಿ ಇಬ್ಬರು ಹತ್ತಿದರು. ಒಬ್ಬರು ಹಸಿರು ಇಳಕಲ್ ಸೀರೆ, ಹಣೆತುಂಬ ಭಂಡಾರ, ಕೊರಳಲ್ಲಿ ಮುತ್ತಿನ ಸರ, ಕಂಕುಳಲ್ಲಿ ಚೌಡಿಕೆ ಇದ್ದ ಅರವತ್ತರ ಸುಮಾರಿನವರು. ಇನ್ನೊಬ್ಬಳು ಚೂಡಿದಾರ ತೊಟ್ಟ ಕಿರಿಯಳು. ಕಿರಿಯಳು ಕೈಚೀಲದಿಂದ ಗುರುತಿನ ಚೀಟಿ ತೆಗೆದಳು. ನಿರ್ವಾಹಕ ಶೂನ್ಯ ಟಿಕೀಟು ಹರಿದುಕೊಟ್ಟ. ಹಿರಿಯರ ಆಧಾರ್ ಚೀಟಿಯಲ್ಲಿ ‘ಪುರುಷ’ ಎಂದಿತ್ತು. ಆತ ಚೀಟಿಯನ್ನೊಮ್ಮೆ ಮುಖವನ್ನೊಮ್ಮೆ ನೋಡಿ ಏನು ಮಾಡಲೂ ತೋಚದೆ ನಿಂತ. ಅವರೇ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಕೊಟ್ಟರು. ನಿರ್ವಾಹಕ ಟಿಕೀಟು ಕೊಟ್ಟು, “ಯವ್ವಾ, ತಪ್ಪ ತಿಳೀಬ್ಯಾಡ” ಎಂದು ಕೈಮುಗಿದ; ಅವರು ಅವನ ಹಣೆಗೆ ಭಂಡಾರ ಹಚ್ಚಿದರು. ಸರಕಾರದ ಲೆಕ್ಕದಲ್ಲಿ ಗಂಡಸು, ನಿರ್ವಾಹಕನ ಬಾಯಲ್ಲಿ ‘ಯವ್ವಾ’. ನನ್ನ ವಿದ್ಯಾರ್ಥಿ ಮೊಣಕೈಯಿಂದ ತಿವಿದು, “ಇವರ ರೀ ಸರ್ರ” ಎಂದ.

ತಿಕೋಟಾ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರು. ೨೦೧೮ರಲ್ಲಿ ಬಬಲೇಶ್ವರದ ಜತೆಗೆ ಇದೂ ತಾಲ್ಲೂಕಾಯಿತು. ಮೊದಲು ಮಳೆಯನ್ನು ನಂಬಿದ ಎರೆಹೊಲಗಳ ಸೀಮೆ. ಈಗ ಎಲ್ಲಿ ನೋಡಿದರೂ ದ್ರಾಕ್ಷಿಯ ಚಪ್ಪರ. ಏತ ನೀರಾವರಿಯ ನೀರು ಬಂದ ಮೇಲೆ ಸೀಮೆಯ ಮುಖವೇ ಬೇರೆಯಾಗಿದೆ. ನಾನು ಹೋದಾಗ ಸುಗ್ಗಿ. ಹಸಿರು ಬಲೆ ಇಳಿಬಿಟ್ಟ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಹರಡಿದ ಗೊನೆಗಳು ಒಣಗಿ ಮಣೂಕವಾಗುತ್ತಿದ್ದವು. ಗಾಳಿಯಲ್ಲೆಲ್ಲ ಹುಳಿಮಿಶ್ರಿತ ಸಿಹಿಯ ಕಂಪು. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು.

ಹಿರಿಯ ಜೋಗವ್ವನ ಮನೆ ಊರ ಅಂಚಿನಲ್ಲಿ. ಮಣ್ಣಿನ ಮಾಳಿಗೆ, ಒಳಗಿನ ಜಗಲಿಯ ಮೇಲೆ ಎಲ್ಲಮ್ಮನ ಹಿತ್ತಾಳೆಯ ಮುಖ, ನವಿಲುಗರಿ, ಬಿದಿರಿನ ಪಡಲಿಗೆ. ಅಣ್ಣನ ಸಂಸಾರ ಅದೇ ಅಂಗಳದಲ್ಲಿ ವಾಸವಾಗಿದೆ. ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೈಮೇಲೆ ಕಜ್ಜಿ ಎದ್ದು, ಕೂದಲು ಜಡೆಗಟ್ಟಿ, ಔಷಧಕ್ಕೆ ಬಗ್ಗದಿದ್ದಾಗ ಹಿರಿಯರು ಇದು ತಾಯಿಯ ಕಾಟವೆಂದು ತಿಳಿದರು. ಅಪ್ಪ ಹೊಡೆದ, ಅವ್ವ ಅತ್ತಳು. ಕೊನೆಗೆ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸಿದರು. ‘ಗುಡ್ಡ’ವೆಂದರೆ ಈ ಸೀಮೆಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡವೇ, ಹತ್ತಿರದಲ್ಲಿ ಬೇಕೆಂದವರಿಗೆ ಅಥಣಿ ತಾಲ್ಲೂಕಿನ ಕೊಕಟನೂರು, ಗಡಿ ದಾಟಿದರೆ ಜತ್ತ. ಅಂದಿನಿಂದ ಸೀರೆ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುವುದು. ಮದುವೆ, ತೊಟ್ಟಿಲು, ಹೊಸ ಬಾವಿ—ಕರೆದಲ್ಲಿ ಹೋಗಿ ಚೌಡಿಕೆ ನುಡಿಸುವುದು.

“ಜೋಗಪ್ಪ ಅಂದ್ರ ಯಾರವ್ವಾ?” ಎಂದು ಮೇಷ್ಟರ ರೀತಿಯಲ್ಲಿಯೇ ಕೇಳಿದೆ. “ಮಾಸ್ತರ, ತಾಯಿ ಬಂದು ಕುಂತ ಗಂಡಮಗ ಜೋಗಪ್ಪ. ಆಕಿ ಕುಂತ ಮ್ಯಾಲೆ ಅವ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಆಕಿಯವ. ನಾ ಆಗಬೇಕಂತ ಆದದ್ದಲ್ಲ, ಆಕಿ ಹಿಡದಾಳ.” ಈ ಕೊನೆಯ ಮಾತಿನಲ್ಲಿ ವ್ಯಾಜ್ಯದ ಬೇರೆಲ್ಲ ಇದೆ. ಬಸ್ಸಿನಲ್ಲಿ ಜತೆಗಿದ್ದ ಕಿರಿಯಳು ಮೂಲೆಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದವಳು ತಲೆಯೆತ್ತಿ, “ನನ್ನನ್ನ ಯಾರೂ ಹಿಡದಿಲ್ಲ ಸರ್. ನಾ ಸಣ್ಣಾಕಿ ಇದ್ದಾಗಿಂದ ಹುಡುಗೀನ” ಎಂದಳು. ಅವಳು ಇವರಿಂದಲೇ ಹದಿನೈದರ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವಳು. ಅನಂತರ ನಗರಕ್ಕೆ ಹೋಗಿ ಹಿಜಡಾ ಗುರುವೊಬ್ಬರ ಶಿಷ್ಯಳಾಗಿ, ಹಣ ಕೂಡಿಸಿ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದಿದ್ದಳು. ಅವರ ಪಂಗಡದಲ್ಲಿ ಅದನ್ನು ‘ನಿರ್ವಾಣ’ ಎನ್ನುತ್ತಾರೆ. ಜೋಗಪ್ಪರ ಹಳೆಯ ಕಟ್ಟಳೆಯಲ್ಲಿ ಅದಕ್ಕೆ ಎಡೆಯಿಲ್ಲ. ತಾಯಿ ಕೊಟ್ಟ ಮೈಯನ್ನು ಹಾಗೆಯೇ ಒಪ್ಪಿಸಬೇಕು. ದೇಹವ್ಯಾಪಾರದ ಸೋಂಕೂ ತಗುಲಕೂಡದು ಎಂಬುದು ಹಿರಿಯರ ಮಾತು. ಹೊಟ್ಟೆಯ ಮಾತು ಎಷ್ಟೋ ವೇಳೆ ಬೇರೆ.

ಇಬ್ಬರೂ ಒಂದೇ ತಟ್ಟೆಯ ಅಡಕೆ ತಿನ್ನುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿತ್ತು. ಆದರೂ ಹಿರಿಯರ ದೃಷ್ಟಿಯಲ್ಲಿ ಕಿರಿಯಳು ಈಗ ಜೋಗಪ್ಪನಲ್ಲ. ಕಿರಿಯಳ ದೃಷ್ಟಿಯಲ್ಲಿ ಹಿರಿಯರೂ ತಾನೂ ಒಂದೇ ಜಾತಿಯವರು, ಹಿರಿಯರಿಗೆ ಅದು ತಿಳಿದಿಲ್ಲ, ಅಷ್ಟೆ.

ಇಲ್ಲಿ ನ್ಯಾಯಾಲಯದ ಮಾತನ್ನು ತರಬೇಕಾಗುತ್ತದೆ. ೨೦೧೪ರ ಏಪ್ರಿಲ್ ೧೫ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಹಾಗೂ ಎ.ಕೆ. ಸಿಕ್ರಿಯವರ ಪೀಠ ನೀಡಿದ ಪ್ರಸಿದ್ಧ ತೀರ್ಪು, ತಾನು ಗಂಡೋ ಹೆಣ್ಣೋ ಮೂರನೆಯದೋ ಎಂಬುದನ್ನು ನಿರ್ಧರಿಸುವ ಹಕ್ಕು ಆ ವ್ಯಕ್ತಿಯದೇ ಎಂದಿತು; ಅದಕ್ಕಾಗಿ ಶಸ್ತ್ರಕ್ರಿಯೆಯನ್ನು ಕಡ್ಡಾಯಮಾಡುವುದು ಸಲ್ಲದೆಂದಿತು. ಆ ತೀರ್ಪಿನಲ್ಲಿ ನಮ್ಮ ಜೋಗಪ್ಪರ ಹೆಸರೂ ಇದೆ. ಆದರೆ ಅವರನ್ನು ವಿವರಿಸಹೊರಟಲ್ಲಿ ಪೀಠಕ್ಕೂ ಸಿಕ್ಕು ಬಿಡಿಸುವುದು ಸುಲಭವಾಗಲಿಲ್ಲ. ಜೋಗತ, ಜೋಗತಿ, ಜೋಗತಿ ಹಿಜಡಾ ಎಂದು ಬೇರೆ ಬೇರೆ ಮಾಡಿ, ಈ ಮೂರನೆಯವರು ತಮ್ಮನ್ನು ಜೋಗತಿ ಎಂದೂ ಹಿಜಡಾ ಎಂದೂ ಕೆಲವೊಮ್ಮೆ ಜೋಗತ ಎಂದೂ ಕರೆದುಕೊಳ್ಳಬಹುದು ಎಂದು ಅಲ್ಲಿ ಬರೆದಿದೆ. ೨೦೧೯ರಲ್ಲಿ ಸಂಸತ್ತು ಮಾಡಿದ ಕಾಯಿದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜಡಾ, ಅರವಾಣಿಗಳ ಜತೆಗೆ ‘ಜೋಗತಾ’ ಎಂಬ ಶಬ್ದ ಸೇರಿತು. ಅದೇ ಕಾಯಿದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ತಂದಿಟ್ಟಿತು. ಗಂಡು ಅಥವಾ ಹೆಣ್ಣು ಎಂದು ತಿದ್ದಿಸಿಕೊಳ್ಳುವವರಿಗೆ ಶಸ್ತ್ರಕ್ರಿಯೆಯ ದಾಖಲೆಯನ್ನು ಬೇಡಿತು. ತೀರ್ಪು ಬಾಗಿಲು ತೆರೆದರೆ ಕಾಯಿದೆ ಹೊಸ್ತಿಲನ್ನು ಎತ್ತರಿಸಿತೆಂದು ದೇಶದ ತುಂಬ ಪ್ರತಿಭಟನೆಗಳಾದವು.

ಪ್ರಮಾಣಪತ್ರವನ್ನು ಏಕೆ ಮಾಡಿಸಿಕೊಳ್ಳಲಿಲ್ಲವೆಂದು ಹಿರಿಯರನ್ನು ಕೇಳಿದೆ. ‘ಮೈತ್ರಿ’ ಹೆಸರಿನ ಮಾಸಾಶನವಿದೆ. ೨೦೨೧ರಿಂದ ರಾಜ್ಯದ ನೌಕರಿಗಳಲ್ಲಿ ಶೇಕಡಾ ೧ರ ಮೀಸಲಾತಿಯಿದೆ. “ನೌಕರಿ ನನಗ ಎದಕ? ಮಾಸಾಶನ ಬ್ಯಾಡ ಅನ್ನೂದಿಲ್ಲ. ಆದ್ರ ಆ ಕಾಗದದಾಗ ಬರದಿರೂ ಇಂಗ್ಲಿಷ್ ಹೆಸರು ನಂದಲ್ಲಪಾ. ನಾಳೆ ಊರಾಗಿನ ಮಂದಿ, ಇದು ತಾಯಿ ಹಿಡದದ್ದಲ್ಲ, ಇದೂ ಅವರಂಗನ ಅಂದ್ರ ಮಂಗಳವಾರ ಯಾರ ಬಾಗಲಾ ತೆಗೀತಾರ?” ಮೂಢನಂಬಿಕೆಯೆಂದು ಇದನ್ನು ತಳ್ಳಿಹಾಕುವುದು ನಮ್ಮಂಥ ಓದಿದವರಿಗೆ ಸುಲಭ. ಆ ಮುತ್ತಿನ ಸರವೊಂದೇ ಇಷ್ಟು ವರ್ಷ ಅವರನ್ನು ಕಲ್ಲೇಟಿನಿಂದ ಕಾಯ್ದದ್ದು. ಅಣ್ಣನ ಮನೆಯಲ್ಲಿ ತಂಗಿಯ ಪಾಲಿನ ಕೋಣೆಯನ್ನು ಕೊಡಿಸಿದ್ದು. ಅದನ್ನು ಬಿಟ್ಟು ಬಾ ಎನ್ನುವವರು ಅದರ ಬದಲಿಗೆ ಏನನ್ನು ಕೊಡುತ್ತಾರೆ?

ಕಿರಿಯಳದು ಇದಕ್ಕೆ ಎದುರು ವಾದ, ಅದೂ ಗಟ್ಟಿಯಾದುದೇ. ದೇವಿಯ ಹೆಸರಿನಲ್ಲಿ ಬರುವ ಮರ್ಯಾದೆ ಹುಣ್ಣಿಮೆಯ ಮರ್ಯಾದೆ. ಪೊಲೀಸು ಠಾಣೆಯಲ್ಲಿ, ದವಾಖಾನೆಯ ಸಾಲಿನಲ್ಲಿ ಅದು ನಡೆಯುವುದಿಲ್ಲ. ೨೦೧೧ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ೩೬ಎ ಎಂಬ ಕಲಮು ಸೇರಿಸಿ, ‘ನಪುಂಸಕ’ರೆಂದು ಕರೆದು ಅವರ ಹೆಸರು ವಿಳಾಸಗಳನ್ನು ಪಟ್ಟಿಮಾಡಲು ಪೊಲೀಸರಿಗೆ ಅಧಿಕಾರ ಕೊಟ್ಟಾಗ ಅದನ್ನು ಉಚ್ಚ ನ್ಯಾಯಾಲಯಕ್ಕೆ ಎಳೆದವರು ಸಂಘಗಳವರು, ೨೦೧೬ರಲ್ಲಿ ಆ ಶಬ್ದ ಕಾಯಿದೆಯಿಂದ ಹೋಯಿತು. “ಪಟ್ಟಿ ಮಾಡೂ ಪೊಲೀಸ, ನೀ ಜೋಗಪ್ಪನೋ ಹಿಜಡಾನೋ ಅಂತ ಕೇಳಿ ಬಿಡ್ತಾನೇನ್ರಿ?” ಎಂದಳು. ಅವಳ ತರ್ಕಕ್ಕೆ ಹಿರಿಯರು ಉತ್ತರ ಕೊಡದೆ ಎಲೆಗೆ ಸುಣ್ಣ ಸವರಿದರು.

ವಾಚಕರಿಗೆ ಮಂಜಮ್ಮ ಜೋಗತಿಯವರ ಹೆಸರು ಗೊತ್ತಿರಲೇಬೇಕು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿ, ಕಾಳವ್ವ ಜೋಗತಿಯವರಲ್ಲಿ ಕುಣಿತ ಕಲಿತು, ೨೦೧೯ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಪಡೆದವರು. ಪದಕ ಕೊಡಹೊರಟ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದ ಅವರ ಚಿತ್ರವನ್ನು ನೋಡದವರಾರು? ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನವೊಂದನ್ನು ಬಲ್ಲವರಿಗೆ ಆ ಹೆಸರಿನ ಸೊಗಸು ಕೂಡಲೆ ಹೊಳೆಯುತ್ತದೆ. ದೇಹದ ಕುರುಹುಗಳು ಏನೇ ಹೇಳಲಿ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂಬುದು ದಾಸಿಮಯ್ಯನ ನಿಲುವು; ಮಂಜಮ್ಮನವರು ಆ ಜಾಗದಲ್ಲಿ ‘ಹೆಣ್ಣು’ ಎಂದು ಬರೆಸಿದರು. ಲಿಂಗಭೇದವನ್ನೇ ಮೀರಿದ ಶರಣನ ಮಾತನ್ನು ಹಿಡಿದು, ತನಗೆ ಬೇಕಾದ ಲಿಂಗವನ್ನು ಕೇಳಿ ಪಡೆದಂತಾಯಿತು. ಇದನ್ನು ತರಗತಿಯಲ್ಲಿ ಒಂದು ಗಂಟೆ ಚರ್ಚಿಸಬಹುದು.

ಹಿರಿಯರ ಪ್ರಕಾರ ಮಂಜಮ್ಮ ‘ತಾಯಿಯ ಮಗಳು’. ಕಿರಿಯಳ ಪ್ರಕಾರ ‘ನಮ್ಮ ಸಮುದಾಯದವರು’. ವೃತ್ತಪತ್ರಿಕೆಗಳು ‘ತೃತೀಯ ಲಿಂಗಿ’ ಎಂದವು. ಈ ಕೊನೆಯ ಶಬ್ದಕ್ಕೂ ಒಳಗಿನವರ ಆಕ್ಷೇಪವುಂಟು: ನಾವು ಮೂರನೆಯವರಾದರೆ ಒಂದನೆಯವರು ಯಾರು, ಎರಡನೆಯವರು ಯಾರು? ಆಮೇಲೆ ಬಳಕೆಗೆ ಬಂದ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಶಬ್ದದಲ್ಲಿ ಅಂಕಿಯ ಅವಮಾನವಿಲ್ಲ. ಆದರೆ ಅದನ್ನು ನಾಲಗೆ ಹೊರಳಿಸಿ ಹೇಳಲು ತಿಕೋಟಾದಲ್ಲಿ ಯಾರೂ ಸಿಗಲಿಲ್ಲ.

ಬೆಂಗಳೂರಿನ ಬೀದಿಗಳಲ್ಲಿ ೨೦೦೮ರಿಂದ ಕಾಮನಬಿಲ್ಲಿನ ಬಾವುಟದ ಮೆರವಣಿಗೆ ನಡೆಯುತ್ತ ಬಂದಿದೆ. ೨೦೧೮ರ ಸೆಪ್ಟೆಂಬರ್ ೬ರಂದು ದಂಡಸಂಹಿತೆಯ ೩೭೭ನೆಯ ಕಲಮಿನ ಕೊಂಡಿ ಕಳಚಿ, ವಯಸ್ಕರಿಬ್ಬರ ಒಪ್ಪಿಗೆಯ ಪ್ರೇಮ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸಾರಿದಾಗ ಅಲ್ಲಿ ಹಬ್ಬವಾಯಿತು. ೨೦೨೩ರ ಅಕ್ಟೋಬರ್ ೧೭ರಂದು ಅದೇ ನ್ಯಾಯಾಲಯ ಅಂಥವರ ವಿವಾಹಕ್ಕೆ ಮನ್ನಣೆ ಕೊಡಲು ಒಪ್ಪದಾಗ ಕಣ್ಣೀರಾಯಿತು. ಈ ಎರಡು ದಿನಗಳೂ ತಿಕೋಟಾದ ಈ ಅಂಗಳವನ್ನು ಮುಟ್ಟಿದಂತೆ ಕಾಣಲಿಲ್ಲ. ಮದುವೆಯ ಹಕ್ಕು ಕೇಳುವವರಿಗೂ ಮಂಗಳವಾರದ ಜೋಳದ ಹಿಟ್ಟು ಕೇಳುವವರಿಗೂ ಒಂದೇ ಹೆಸರು ಸಾಲುವುದೇ ಎಂಬ ಸಂಶಯ ನನ್ನದು ಮಾತ್ರವಲ್ಲ. ಬೆಂಗಳೂರಿನ ‘ಅನೇಕ’ ಸಂಸ್ಥೆ ೨೦೧೪ರಲ್ಲಿ ಜೋಗಪ್ಪರನ್ನು ಕುರಿತು ಹೊರತಂದ ಅಧ್ಯಯನಕ್ಕೆ ಹೊರಗಿಡುವಿಕೆಯೇ ಮುಖ್ಯ ವಿಷಯವಾಗಿತ್ತು. ೨೦೧೧ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ಇತರೆ’ ಎಂಬ ಕಲಮು ಬಂದು ಕರ್ನಾಟಕದಲ್ಲಿ ೨೦,೨೬೬ ಮಂದಿ ಅದರಲ್ಲಿ ಸೇರಿದರು. ನಮ್ಮ ಜೋಗವ್ವನನ್ನು ಅವರ ಅಣ್ಣ ‘ಗಂಡು’ ಎಂದು ಬರೆಸಿದ್ದರಂತೆ. ಮರ್ಯಾದೆಗೆ.

ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ೧೯೮೨ರ ಶಾಸನವೂ ಇವರಿಗೆ ಇನ್ನೊಂದು ತೊಡಕನ್ನು ತಂದಿತು. ಅದರ ಮಾತಿನಲ್ಲಿ ದೇವದಾಸಿಯೆಂದರೆ ಸ್ತ್ರೀ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಅನ್ಯಾಯಕ್ಕೆ ನಿಷೇಧ ಬಂದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಅದೇ ಗುಡ್ಡದಲ್ಲಿ ಅದೇ ಮುತ್ತು ಕಟ್ಟಿಸಿಕೊಂಡ ಈ ಗಂಡುಮಕ್ಕಳು ಅಪರಾಧದ ಲೆಕ್ಕಕ್ಕೂ ಬರಲಿಲ್ಲ, ಪುನರ್ವಸತಿಯ ಲೆಕ್ಕಕ್ಕೂ ಬರಲಿಲ್ಲ.

ಹೊರಗಿಡಲ್ಪಟ್ಟವರು ತಾವು ಯಾರನ್ನೂ ಹೊರಗಿಡಲಾರರೆಂದು ನಾವು ಭಾವಿಸುತ್ತೇವೆ. ಆ ಭಾವನೆಗೆ ದ್ರಾಕ್ಷಿಯ ಶೆಡ್ಡಿನಲ್ಲಿ ಪೆಟ್ಟು ಬಿತ್ತು. ತೊಟ್ಟು ಬಿಡಿಸುವ ಹೆಂಗಸರಿಂದ ಸ್ವಲ್ಪ ದೂರದಲ್ಲಿ, ಷರಟು ತೊಟ್ಟು, ಕೂದಲು ಕತ್ತರಿಸಿಕೊಂಡು ಕ್ರೇಟುಗಳನ್ನು ಹೊರುತ್ತಿದ್ದ ಒಬ್ಬನನ್ನು ಎಲ್ಲರೂ ‘ತಮ್ಮಾ’ ಎಂದು ಕರೆಯುತ್ತಿದ್ದರು. ಕೂಲಿಯನ್ನು ಮಾತ್ರ ಹೆಂಗಸರ ದರದಲ್ಲಿ ಕೊಡುತ್ತಿದ್ದರು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವನು. ಅವನ ವಿಷಯ ಕೇಳಿದಾಗ ಹಿರಿಯ ಜೋಗವ್ವ, “ಅಂಥಾವು ನಮ್ಮೊಳಗ ಇಲ್ಲಪಾ. ತಾಯಿ ಹಂಗ ಹಿಡಿಯೂದಿಲ್ಲ” ಎಂದರು. ಕಿರಿಯಳೂ ಸುಮ್ಮನಿದ್ದಳು. ನಗರದ ಸಂಘದಲ್ಲಿ ಅಂಥವರು ಒಬ್ಬಿಬ್ಬರು ಬಂದರೂ ಕುರ್ಚಿ ಕೊನೆಯ ಸಾಲಿನದೇ ಎಂದು ಆಮೇಲೆ ಬಸ್ಸಿನ ಹಾದಿಯಲ್ಲಿ ಒಪ್ಪಿಕೊಂಡಳು. ದೇವಿಯ ಆಶ್ರಯವಿಲ್ಲದ, ಗುರುವಿನ ಮನೆಯಿಲ್ಲದ, ಕುಣಿತದ ಹೆಸರಿಲ್ಲದ ಆ ‘ತಮ್ಮ’ನ ಸ್ಥಿತಿ ನನಗೆ ಇವರೆಲ್ಲರಿಗಿಂತ ಕಠಿನವಾಗಿ ತೋರಿತು. ಅವನಿಗೆ ಜಗಳವಾಡಲು ಸಹ ಒಂದು ಪಂಗಡವಿರಲಿಲ್ಲ.

ಬಬಲೇಶ್ವರಕ್ಕೆ ಹೊರಟುದು ಮಂಗಳವಾರ. ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಬಂದ ಭಕ್ತರ ಮನೆಯೊಂದರಲ್ಲಿ ಅಂದು ಪಡಲಿಗೆ ತುಂಬಿಸುವ ಕಾರ್ಯ. ಈ ನೆಲಕ್ಕೆಲ್ಲ ಡೋಣಿ ಹೊಳೆಯೇ ಆಧಾರ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಸುಳ್ಳುಮಾಡದೆ, ಕೊಯ್ಲಿಗೆ ಬಂದ ಬಿಳಿಜೋಳ ರಸ್ತೆಯ ಎರಡೂ ಕಡೆ ತಲೆದೂಗುತ್ತಿತ್ತು. ಬಬಲೇಶ್ವರ ಬೃಹನ್ಮಠದ ಊರು. ಮಠದ ಮುಂದಿನಿಂದ ಹಾದು ಹೊಲದ ಕಡೆಯ ಮನೆಗೆ ಹೋಗುವಷ್ಟರಲ್ಲಿ ಚೌಡಿಕೆಯ ದನಿ ಕೇಳಿಸಿತು. ಸುತ್ತಲ ಊರುಗಳಿಂದ ಏಳೆಂಟು ಜೋಗಪ್ಪರು, ನಾಲ್ವರು ಜೋಗತಿಯರು ನೆರೆದಿದ್ದರು. ಹೋಳಿಗೆ, ಕಡಬು, ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ. ಕರಿದ ಎಣ್ಣೆಯ ವಾಸನೆ ಅಂಗಳ ತುಂಬಿತ್ತು.

ತಕರಾರು ಎದ್ದುದು ಯಾರು ಏನನ್ನು ಹೊರಬೇಕೆಂಬುದರಲ್ಲಿ. ದೇವಿಯ ಮುಖವಿರಿಸಿದ ‘ಜಗ’ವನ್ನು ತಲೆಯ ಮೇಲೆ ಹೊತ್ತು ಮನೆಯ ಸುತ್ತ ಬರುವುದು ಹೆಚ್ಚಿನ ಗೌರವ. ಕುಣಿತದಲ್ಲಿ ಕಿರಿಯಳನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಕೈ ಬಿಟ್ಟು, ತಲೆಯ ಮೇಲಿನ ಕೊಡ ಅಲುಗದಂತೆ, ನೆಲದ ನಾಣ್ಯವನ್ನು ಬಾಯಿಂದ ಎತ್ತಬಲ್ಲವಳು. ಅವಳು ಜಗಕ್ಕೆ ಕೈಯಿಕ್ಕಿದಾಗ ಬೇರೆ ಊರಿನ ಜೋಗಪ್ಪನೊಬ್ಬ ತಡೆದ. “ಕೊಯ್ಸಿಕೊಂಡವರು ಜಗ ಹೊರೂದುಲ್ಲ. ಅದು ನಮ್ಮ ಕಟ್ಟಳಿ.” ಅವಳು, “ಕೊಯ್ಸಿಕೊಂಡ ಮ್ಯಾಲೂ ಹುಣ್ಣಿವಿಗೆ ತಾಯಿ ನನ್ನ ಮೈಮ್ಯಾಲೆ ಬಂದಾಳ. ಆಕಿಗಿಲ್ಲದ ಮೈಲಿಗಿ ನಿಮಗ ಎಲ್ಲಿಂದ ಬಂತು?” ಎಂದು ತಿರುಗಿ ನಿಂತಳು. ಜೋಗತಿಯರಲ್ಲಿ ಒಬ್ಬಾಕೆ ನಡುವೆ ಬಾಯಿ ಹಾಕಿ, ಹೆಣ್ಣಾಗಿ ಹುಟ್ಟಿದವರಿಗೆ ಇಲ್ಲದ ಮರ್ಯಾದೆಯನ್ನು ನೀವಿಬ್ಬರೂ ಹಂಚಿಕೊಳ್ಳುತ್ತಿದ್ದೀರೆಂದು ಕಟಕಿಯಾಡಿದಳು. ಚೌಡಿಕೆ ನಿಂತಿತು. ಎಲ್ಲರೂ ತಿಕೋಟಾದ ಹಿರಿಯರ ಮುಖ ನೋಡಿದರು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೌನವನ್ನು ಮುರಿದವಳು ಮನೆಯ ಮುದುಕಿ. ಹೋಳಿಗೆಯ ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಹೊರಗೆ ಬಂದು, “ಪಡಲಿಗಿ ನಮ್ಮ ಮನೀದು. ನನ್ನ ಮೊಮ್ಮಗನ ಜಡ್ಡಿಗೆ ಹರಕಿ ಹೊತ್ತಾಕಿ ನಾನು. ಆ ಹುಡುಗಿ ಮೂರ ರಾತ್ರಿ ದವಾಖಾನ್ಯಾಗ ಅವನ ಕಾಲ್ದೆಸಿ ಕುಂತಿತ್ತು. ಪಡಲಿಗಿ ಅದು ಹೊರಲಿ. ಜಗದ ಮಾತು ನೀವು ನೀವು ನೋಡ್ಕೋರಿ” ಎಂದಳು. ಉತ್ತರ ಕರ್ನಾಟಕದ ಹೆಂಗಸರು ಮುದ್ದಿನ ಮಗಳನ್ನೂ ನಪುಂಸಕಲಿಂಗದಲ್ಲಿಯೇ ಕರೆಯುವರೆಂಬುದು ಭಾಷಾಶಾಸ್ತ್ರಜ್ಞರಿಗೆ ಗೊತ್ತು. ‘ಕುಂತಿತ್ತು’ ಎಂಬ ಆ ಕ್ರಿಯಾಪದ ನನ್ನ ಕಿವಿಗೆ ಆ ದಿನ ಹೊಸದಾಗಿ ಕೇಳಿಸಿತು.

ಹಿರಿಯರು ಎದ್ದು ಜಗವನ್ನು ತಾವೇ ತಲೆಗೇರಿಸಿಕೊಂಡರು. ಕಿರಿಯಳಿಗೆ ಪಡಲಿಗೆ ಬಂತು. ಅವಳು ಹಿರಿಯರ ಹಿಂದೆ ಎರಡು ಮಾರು ಬಿಟ್ಟು ನಡೆದಳು. ತಡೆದ ಜೋಗಪ್ಪ ತನ್ನ ಚೌಡಿಕೆಯನ್ನು ಚೀಲಕ್ಕೆ ಸೇರಿಸಿ, ಊಟಕ್ಕೂ ನಿಲ್ಲದೆ ಹೊರಟುಹೋದ. “ಉಧೋ ಉಧೋ” ಎಂಬ ಕೂಗಿನೊಡನೆ ಮೆರವಣಿಗೆ ಮನೆಯನ್ನು ಮೂರು ಸುತ್ತು ಬಂದಿತು.

ಊಟವಾದ ಮೇಲೆ ಹಿರಿಯರನ್ನು ಕೇಳಿದೆ: ಮುಂದಿನ ಹುಣ್ಣಿಮೆಗೆ ಜಗವನ್ನು ಅವಳಿಗೆ ಕೊಡುವಿರಾ? “ನನ್ನ ಕುತ್ತಿಗಿ ಎಷ್ಟ ದಿನ ತಡೀತೈತಿ, ಮಾಸ್ತರ?” ಎಂದು ಕುತ್ತಿಗೆ ನೀವಿಕೊಂಡರು. ಕೊಡುತ್ತೇನೆಂದೂ ಹೇಳಲಿಲ್ಲ, ಕೊಡುವುದಿಲ್ಲವೆಂದೂ ಹೇಳಲಿಲ್ಲ. ಮಂಗಳವಾರದ ಜೋಗಕ್ಕೆ ಇಬ್ಬರೂ ಬೇರೆ ಬೇರೆ ಊರುಗಳನ್ನು ಹಂಚಿಕೊಂಡಿದ್ದರು: ಹಿರಿಯರಿಗೆ ತಿಕೋಟಾದ ಸುತ್ತಿನವು, ಕಿರಿಯಳಿಗೆ ಹೊಳೆಯಾಚೆಯವು. ಬಂದ ಜೋಳವನ್ನು ಮಾತ್ರ ಒಂದೇ ಹಗೇವಿಗೆ ಸುರಿಯುತ್ತಾರಂತೆ.